ಕ್ರೀಡಾ ಸಂಸ್ಥೆಗಳು ಸುರಕ್ಷತಾ ನಿಯಮಗಳನ್ನು ಬದಲಿಸಬೇಕಾದ ಕ್ರಮ

ಆಟದಲ್ಲಿ ಅವಘಡ ಸಂಭವಿಸಿದಾಗ ಆಡಳಿತ ಸಂಸ್ಥೆಯು ಮೊದಲು ಅದರ ಕಾರಣವನ್ನು ತನ್ನ ಅಧೀನದಲ್ಲಿಲ್ಲದವರಿಂದ ಪರಿಶೀಲಿಸಬೇಕು. 2014ರ ನವೆಂಬರ್‌ನಲ್ಲಿ ಸಿಡ್ನಿ ಮೈದಾನದಲ್ಲಿ ಬೌನ್ಸರ್ (ಎತ್ತರಕ್ಕೆ ಪುಟಿದ ಚೆಂಡು) ಕತ್ತಿಗೆ ಬಡಿದು ಆಸ್ಟ್ರೇಲಿಯಾದ ಬ್ಯಾಟರ್ ಫಿಲಿಪ್ ಹ್ಯೂಸ್ ಮೃತಪಟ್ಟ ಬಳಿಕ, ಆ ದೇಶದ ಕ್ರಿಕೆಟ್ ಆಡಳಿತ ಸಂಸ್ಥೆಯಾದ ಕ್ರಿಕೆಟ್ ಆಸ್ಟ್ರೇಲಿಯಾ ಸ್ವತಂತ್ರ ಪರಿಶೀಲನೆ ಮಾಡಿಸಿತು. 2016ರಲ್ಲಿ ಪ್ರಕಟವಾದ ಆ ವರದಿ ಹೆಲ್ಮೆಟ್ ಕಡ್ಡಾಯಗೊಳಿಸುವುದನ್ನೂ ತಲೆಗೆ ಪೆಟ್ಟಾದವರಿಗೆ ಬದಲಿ ಆಟಗಾರರನ್ನು ಒದಗಿಸುವುದನ್ನೂ ಶಿಫಾರಸು ಮಾಡಿತು.

ಎರಡನೆಯದಾಗಿ, ಹೊಸ ನಿಯಮವನ್ನು ದೇಶೀಯ ಪಂದ್ಯಗಳಲ್ಲಿ ಪ್ರಯೋಗಿಸಿ ನೋಡಬೇಕು. ಆಸ್ಟ್ರೇಲಿಯಾ ಹಾಗೆಯೇ ಮಾಡಿತು. ಆದರೆ ಅಂತರರಾಷ್ಟ್ರೀಯ ಪಂದ್ಯಗಳಿಗೆ ಬದಲಿ ಆಟಗಾರರ ನಿಯಮ ಬಂದದ್ದು 2019ರ ಆಗಸ್ಟ್‌ನಲ್ಲಿ. ಪ್ರಾಣದ ಪ್ರಶ್ನೆಯಿರುವಾಗ ಇಷ್ಟು ವಿಳಂಬ ಸಲ್ಲದು, ಆದ್ದರಿಂದ ಪ್ರಯೋಗಕ್ಕೆ ಆರಂಭದಲ್ಲೇ ಗಡುವು ಗೊತ್ತುಪಡಿಸಬೇಕು.

ನಿಯಮದ ಭಾಷೆಯಲ್ಲಿ ಅತ್ಯಂತ ಎಚ್ಚರ ಬೇಕು. 2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದ ಟಿ20 ಪಂದ್ಯದಲ್ಲಿ ತಲೆಗೆ ಪೆಟ್ಟಾದ ಭಾರತದ ರವೀಂದ್ರ ಜಡೇಜಾ ಬದಲಿಗೆ ಬಂದ ಯಜುವೇಂದ್ರ ಚಾಹಲ್ 3 ವಿಕೆಟ್ ಪಡೆದಾಗ, ಬದಲಿ ಆಟಗಾರನು ಗಾಯಗೊಂಡವನಂಥದೇ ಪಾತ್ರದವನಾಗಿರಬೇಕೆಂಬ ‘ಸಮಾನ ಬದಲಿ’ ನಿಯಮದ ಅರ್ಥವೇನು ಎಂಬ ವಿವಾದವೆದ್ದಿತು. ಬದಲಿ ಆಟಗಾರನ ಅನುಮೋದನೆ ಆಗಲೂ ಪಂದ್ಯದ ಮೇಲ್ವಿಚಾರಕನಾದ ಮ್ಯಾಚ್ ರೆಫ್ರಿಯದೇ ಆಗಿತ್ತು; ಗಾಯದ ನಿರ್ಣಯವನ್ನೂ ತಂಡಕ್ಕೆ ಸೇರದ ವೈದ್ಯರಿಗೆ ಒಪ್ಪಿಸಿದರೆ ಇಂಥ ಶಂಕೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಆಟಗಾರರ ಅಸಮಾಧಾನವನ್ನು ಆಲಿಸಬೇಕು, ಆದರೆ ಅದಕ್ಕೆ ಮಣಿಯಬಾರದು: ಕತ್ತಿನ ರಕ್ಷಾಕವಚ ಹಲವರಿಗೆ ಇರಿಸುಮುರಿಸಾಗಿತ್ತು, ಆದರೂ ಕ್ರಿಕೆಟ್ ಆಸ್ಟ್ರೇಲಿಯಾ 2023ರ ಅಕ್ಟೋಬರ್‌ನಿಂದ ವೇಗದ ಬೌಲಿಂಗ್ ಎದುರಿಸುವವರಿಗೆ ಅದನ್ನು ಕಡ್ಡಾಯಗೊಳಿಸಿತು.

ಕೊನೆಯದಾಗಿ, ಜಿಲ್ಲಾ ಮತ್ತು ಶಾಲಾ ಮಟ್ಟದ ತಂಡಗಳಿಗೆ ಸಲಕರಣೆಯ ವೆಚ್ಚವನ್ನು ಸಂಸ್ಥೆಯೇ ಭರಿಸಬೇಕು. ಅಲ್ಲಿ ವೈದ್ಯರಿರುವುದೇ ವಿರಳವಾದ್ದರಿಂದ ಸಲಕರಣೆಯೇ ಮುಖ್ಯ ರಕ್ಷಣೆ.