ಟ್ರೈನಿಂಗ್ ಮುಗಿದಾಗ ಕಲಿತವರು ಏನು ಮಾಡಿ ತೋರಿಸಬೇಕು?

ಸ್ಲೈಡ್ ಮಾಡೋಕೆ ಕೂರುವ ಮೊದಲು ಟ್ರೈನಿಂಗ್‌ನ ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಸ್ವಸಹಾಯ ಸಂಘದ ಮಹಿಳೆಯರಿಗೆ ಲೆಕ್ಕ ಬರೆಯೋದು ಕಲಿಸಬೇಕು ಅಂದುಕೊಳ್ಳಿ. 'ನಗದು ಪುಸ್ತಕದ ಬಗ್ಗೆ ಅರಿವು ಮೂಡಿಸುವುದು' ಅಂತ ಸುಮ್ನೆ ಬರೆದರೆ ಪ್ರಯೋಜನವಿಲ್ಲ. ಅರಿವು ಮೂಡಿತೋ ಇಲ್ಲವೋ ಹೇಗೆ ನೋಡುತ್ತೀರಿ?

ಅಮೆರಿಕದ ತರಬೇತಿ ತಜ್ಞ ರಾಬರ್ಟ್ ಮೇಗರ್ 1962ರಲ್ಲೇ ಗುರಿಯಲ್ಲಿ ಮೂರು ಸಂಗತಿ ಇರಬೇಕು ಅಂದಿದ್ದರು: ಏನು ಮಾಡಬೇಕು, ಯಾವ ಸ್ಥಿತಿಯಲ್ಲಿ, ಎಷ್ಟು ಸರಿಯಾಗಿ. ಹಾಗಾಗಿ ಹೀಗೆ ಬರೆಯಿರಿ: 'ಒಂದು ವಾರದ ಸಭೆಯ 10 ವ್ಯವಹಾರದ ಚೀಟಿಗಳನ್ನು ಕೊಟ್ಟರೆ, ಯಾರನ್ನೂ ಕೇಳದೆ 20 ನಿಮಿಷದಲ್ಲಿ ನಗದು ಪುಸ್ತಕ ಬರೆದು, ಕೊನೆಯ ಶಿಲ್ಕನ್ನು ಪೆಟ್ಟಿಗೆಯ ದುಡ್ಡಿಗೆ ಒಂದು ರೂಪಾಯಿಯೂ ತಪ್ಪದಂತೆ ತಾಳೆ ಮಾಡುತ್ತಾರೆ.' 20 ನಿಮಿಷ ಎಲ್ಲಿಂದ ಬಂತು? ಮೊದಲು ನೀವೇ ಬರೆದು ನೋಡಿ, ಅದರ ದುಪ್ಪಟ್ಟು ಇಡಿ.

ಆಮೇಲೆ ಆ 10 ಚೀಟಿ ತಯಾರಿಸಿ. ಪಾಠ ತಯಾರಿಸೋದು ಕೊನೆಗೆ. ಸಾಲದ ಕಂತಿನಲ್ಲಿ ಅಸಲು, ಬಡ್ಡಿ ಬೇರೆ ಮಾಡುವಾಗಲೇ ಗೊಂದಲ ಜಾಸ್ತಿ ಅಲ್ವಾ, ಅಂಥ ಎರಡು ಚೀಟಿ ಸೇರಿಸಿ. ಈ ಚೀಟಿ ಕೆಲಸವನ್ನು 'ಪರೀಕ್ಷೆ' ಅಂತ ಮಾತ್ರ ಕರೆಯಬೇಡಿ, ಶಾಲೆ ಬಿಟ್ಟು ಇಪ್ಪತ್ತು ವರ್ಷವಾದವರು ಆ ಪದಕ್ಕೇ ಪೆನ್ನು ಕೆಳಗಿಡುತ್ತಾರೆ. ಅರ್ಧ ದಿನಕ್ಕೆ ಇಂಥ ಎರಡು ಗುರಿ ಸಾಕು.