ಒಂದೇ ಸ್ಲೈಸರ್‌ಗೆ ಎರಡೂ ಚಾರ್ಟ್‌ಗಳು ಸ್ಪಂದಿಸುವಂತೆ ಮಾಡಿದ ಬಗೆ

ತೀರ್ಥಹಳ್ಳಿಯ ನಮ್ಮ ಅಡಿಕೆ ಮಂಡಿಗಾಗಿ ಎಕ್ಸೆಲ್‌ನಲ್ಲಿ ಸಿದ್ಧಪಡಿಸಿದ ಡ್ಯಾಶ್‌ಬೋರ್ಡ್‌ನಲ್ಲಿ, ಸ್ಲೈಸರ್‌ನಿಂದ (ಗುಂಡಿ ಒತ್ತಿ ದತ್ತಾಂಶವನ್ನು ಸೋಸುವ ಸಾಧನ) ‘ರಾಶಿ’ ಎಂಬ ಅಡಿಕೆ ದರ್ಜೆಯನ್ನು ಆರಿಸಿದರೆ ಆವಕದ ಚಾರ್ಟ್ ಮಾತ್ರ ಬದಲಾಗುತ್ತಿತ್ತು, ಧಾರಣೆಯ ಚಾರ್ಟ್ ಬೆಟ್ಟೆ, ಸರಕು, ಗೊರಬಲು ಎಲ್ಲವನ್ನೂ ಸೇರಿಸಿದ ಸರಾಸರಿಯನ್ನೇ ತೋರಿಸುತ್ತಿತ್ತು. ಬೆಳೆಗಾರರು ಧಾರಣೆ ನೋಡಿಯೇ ಮಾರಾಟ ನಿರ್ಧರಿಸುವುದರಿಂದ ಇದು ಸಣ್ಣ ದೋಷವಲ್ಲ.

ಪ್ರತಿ ಚಾರ್ಟ್‌ನ ಹಿಂದೆ ದತ್ತಾಂಶವನ್ನು ಒಟ್ಟುಗೂಡಿಸಿ ತೋರಿಸುವ ಒಂದು ಪಿವೋಟ್ ಟೇಬಲ್ ಇರುತ್ತದೆ. ಸ್ಲೈಸರ್‌ಗೆ ಜೋಡಿಸಬಹುದಾದ ಪಿವೋಟ್‌ಗಳ ಪಟ್ಟಿಯಾದ ‘ರಿಪೋರ್ಟ್ ಕನೆಕ್ಷನ್ಸ್’ ತೆರೆದಾಗ ಧಾರಣೆಯ ಪಿವೋಟ್ ಟೇಬಲ್‌ನ ಹೆಸರೇ ಅಲ್ಲಿರಲಿಲ್ಲ. ಎರಡು ಪಿವೋಟ್‌ಗಳಿಗೆ ಆಧಾರವಾದ ಸೆಲ್‌ಗಳ ವ್ಯಾಪ್ತಿ ಬೇರೆ ಬೇರೆಯಾಗಿದ್ದರಿಂದ ಅವುಗಳ ಪಿವೋಟ್ ಕ್ಯಾಶ್ (ಎಕ್ಸೆಲ್ ತನ್ನೊಳಗೆ ಇಟ್ಟುಕೊಳ್ಳುವ ಮೂಲ ದತ್ತಾಂಶದ ಪ್ರತಿ) ಕೂಡ ಬೇರೆಯಾಗಿತ್ತು. ಸ್ಲೈಸರ್ ಒಂದೇ ಕ್ಯಾಶ್ ಹಂಚಿಕೊಂಡ ಪಿವೋಟ್‌ಗಳನ್ನಷ್ಟೇ ನಿಯಂತ್ರಿಸಬಲ್ಲದು. ಮೂಲ ದತ್ತಾಂಶವನ್ನು ಟೇಬಲ್ ಆಗಿಸಿ, ಅದರಿಂದ ಒಂದು ಪಿವೋಟ್ ರಚಿಸಿ, ಇನ್ನೊಂದನ್ನು ಅದರ ನಕಲಿನಿಂದಲೇ ರೂಪಿಸಿ, ಹೊಸ ಸ್ಲೈಸರ್ ಸೇರಿಸಿದೆ. ಪಟ್ಟಿಯಲ್ಲಿ ಎರಡೂ ಹೆಸರು ಕಾಣಿಸಿದವು. ಟಿಕ್ ಹಾಕಿದೊಡನೆ ಚಾರ್ಟ್‌ಗಳು ಒಟ್ಟಿಗೆ ಬದಲಾದವು. ದಿನದ ಹೊಸ ಸಾಲುಗಳನ್ನು ತುಂಬಿದ ಮೇಲೆ ‘ರಿಫ್ರೆಶ್ ಆಲ್’ ಒತ್ತುವುದು ಮಾತ್ರ ಈಗಲೂ ಅಗತ್ಯ.