ಗಾಜಿನ ಸಂದಿಯಲ್ಲಿ ಒಂದೇ ಚಾರ್ಜಿನ ಮಣಿಗಳು: ಸೆಳೆತ ಕಂಡರೆ ಏನು ಮಾಡಬೇಕು?

ಎರಡು ಗಾಜಿನ ನಡುವೆ ತೆಳು ನೀರು, ಅದರಲ್ಲಿ ಋಣ ಚಾರ್ಜಿನ, ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಮಣಿಗಳು. ಒಂದನ್ನೊಂದು ದೂಡಬೇಕು, ಅಲ್ವಾ? ಆದರೆ 1994ರಲ್ಲಿ ಕೆಪ್ಲರ್ ಮತ್ತು ಫ್ರೇಡನ್ ಎಂಬ ಸಂಶೋಧಕರು ಇಂಥ ಇಕ್ಕಟ್ಟಿನಲ್ಲಿ ಸೆಳೆತ ಕಂಡಿತೆಂದು ಬರೆದರು. ನಿಮಗೂ ಕಂಡರೆ ತಕ್ಷಣ ನಂಬಬೇಡಿ. ನನ್ನ ಲ್ಯಾಬಿಗೆ ಹೊಸದಾಗಿ ಬರುವವರಿಗೆ ನಾನು ಹೇಳಿಕೊಡುವುದು ಇಷ್ಟು.

ಮೊದಲು ನೀರು. ಲೀಟರಿಗೆ 1 ಮಿಲಿಮೋಲ್ ಅಡುಗೆ ಉಪ್ಪಿದ್ದರೆ ಡಿಬೈ ಉದ್ದ, ಅಂದರೆ ಚಾರ್ಜಿನ ಪ್ರಭಾವ ಹರಡುವ ದೂರ, ಸುಮಾರು 10 ನ್ಯಾನೊಮೀಟರ್. ಉಪ್ಪು ಅದರ ನೂರನೇ ಒಂದು ಪಾಲಾದರೆ ಸುಮಾರು 100. ಸುಮ್ನೆ ಬಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗುತ್ತದೆ, ಗಾಜೂ ಸೋಡಿಯಂ ಬಿಡುತ್ತದೆ; ನೀರಿನಲ್ಲಿ ಅಯಾನುಗಳು (ಚಾರ್ಜಿರುವ ಕಣಗಳು) ಹೆಚ್ಚಿ ಆ ದೂರ ಕುಗ್ಗುತ್ತದೆ. ಅದಕ್ಕೇ ಸೆಲ್‌ನ, ಅಂದರೆ ಈ ಗಾಜಿನ ಸಂದಿಯ, ಎರಡೂ ತುದಿಯಲ್ಲಿ ಅಯಾನು ಹೀರುವ ರೆಸಿನ್ ಹಾಕಿ, ಬಿಗಿಯಾಗಿ ಸೀಲ್ ಮಾಡಿ.

ಮಣಿಗಳು ವಿರಳವಾಗಿರಲಿ. ಜಾಸ್ತಿ ಆದರೆ ಮೂರನೆಯದರ ತಳ್ಳಾಟವೇ ಎರಡರ ಸೆಳೆತದಂತೆ ಕಾಣುತ್ತದೆ.

ಈಗ ಮುಖ್ಯ ಪರೀಕ್ಷೆ. ಮೈಕ್ರೋಸ್ಕೋಪಿನಲ್ಲಿ ಪ್ರತಿ ಮಣಿಯ ಸುತ್ತ ಬೆಳಕಿನ ಉಂಗುರಗಳಿರುತ್ತವೆ. ಎರಡು ಮಣಿ ಹತ್ತಿರ ಬಂದಾಗ ಉಂಗುರಗಳು ಒಂದರ ಮೇಲೊಂದು ಬೀಳುತ್ತವೆ, ಕಂಪ್ಯೂಟರ್ ಕೇಂದ್ರವನ್ನು ತಪ್ಪಾಗಿ ಹಿಡಿಯುತ್ತದೆ. 2005ರಲ್ಲಿ ಬೌಮ್‌ಗಾರ್ಟಲ್ ಮತ್ತು ಬೆಶಿಂಗರ್ ಇದನ್ನು ತೋರಿಸಿದರು. ಹಾಗಾಗಿ ಒಂಟಿ ಮಣಿಯ ಚಿತ್ರ ತೆಗೆಯಿರಿ. ಹಿನ್ನೆಲೆಯ ಬೆಳಕನ್ನು ಕಳೆಯಿರಿ. ಅದೇ ಚಿತ್ರದ ಎರಡು ಪ್ರತಿಗಳನ್ನು ನಿಮಗೆ ಗೊತ್ತಿರುವ ಅಂತರದಲ್ಲಿ ಕೂಡಿಸಿ. ಅದೇ ಪ್ರೋಗ್ರಾಂ ಎಷ್ಟು ಅಂತರ ಹೇಳುತ್ತದೆ ನೋಡಿ. ಅಂತರವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಹೋಗಿ, ತಪ್ಪಿನ ಪಟ್ಟಿ ಮಾಡಿ, ಅಳತೆಯಿಂದ ಕಳೆಯಿರಿ. ಸೆಳೆತ ಮಾಯವಾದರೆ ಅದು ಕ್ಯಾಮೆರಾದ್ದು.

ಎತ್ತರವನ್ನೂ ಮರೆಯಬೇಡಿ. 1.5 ಮೈಕ್ರಾನ್ ಸಿಲಿಕಾ ಮಣಿ ತನ್ನ ಭಾರದ ಎದುರು ಸುಮಾರು ಕಾಲು ಮೈಕ್ರಾನ್ ಮೇಲೆ ಕೆಳಗೆ ಆಡುತ್ತದೆ. ಎತ್ತರ ಬೇರೆ ಬೇರೆ ಇದ್ದಾಗ ಮೇಲಿಂದ ನೋಡಿದರೆ ಅಂತರ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಮಣಿಗಳನ್ನು ಲೇಸರ್ ಬೆಳಕಿನಲ್ಲಿ ಹಿಡಿದಿಟ್ಟು, ಆಮೇಲೆ ಬಿಟ್ಟು ನೋಡುವವರು ಗೋಡೆಯಿಂದ ದೂರ ಇರಿ. ಗೋಡೆ ಎರಡೂ ಮಣಿಗಳನ್ನು ತಳ್ಳಿದಾಗ ಏಳುವ ನೀರಿನ ಹರಿವೇ ಅವನ್ನು ಹತ್ತಿರ ತರಬಲ್ಲದು ಎಂದು 2000ದಲ್ಲಿ ಸ್ಕ್ವೈರ್ಸ್ ಮತ್ತು ಬ್ರೆನರ್ ಲೆಕ್ಕ ಹಾಕಿ ತೋರಿಸಿದ್ದಾರೆ.

ಇಷ್ಟಾದ ಮೇಲೂ ಸೆಳೆತ ಉಳಿದರೆ ನನಗೆ ಅದೇ ಸಂತೋಷ. ಇಕ್ಕಟ್ಟು ಒಂದರಿಂದಲೇ ಇದು ಬರಲಾರದು ಎಂದು ಪಾಯ್ಸನ್-ಬೋಲ್ಟ್ಸ್‌ಮನ್ ಸಿದ್ಧಾಂತ (ಚಾರ್ಜಿನ ಸುತ್ತ ಅಯಾನುಗಳು ಹೇಗೆ ಹರಡುತ್ತವೆ ಎಂಬ ಲೆಕ್ಕ) ಹೇಳುತ್ತದೆ, 1999ರಲ್ಲೇ ಅದನ್ನು ಸಾಧಿಸಿಯಾಗಿದೆ. ಹಾಗಾಗಿ ಹೊಸ ನೀರು, ಹೊಸ ಗಾಜು ತಗೊಂಡು ಮತ್ತೆ ಅಳೆಯಿರಿ.